ಟೀವಿಯ ಹಿಂದಿನಿಂದ ನೋಡುತ್ತಿದ್ದ ಆಪಾ

ಶಹನಾಜ್ ಆಪಾ ಟೀವಿಯ ಮುಂದೆ ಕೂತದ್ದನ್ನು ನಾನು ನೋಡಿಯೇ ಇಲ್ಲ. ಯಾರ ಮನೆಗೆ ಹೋದರೂ ನೇರವಾಗಿ ಅದರ ಹಿಂದಕ್ಕೆ ಹೋಗುತ್ತಿದ್ದರು. ಬುರ್ಖಾದ ತೋಳನ್ನು ಮೊಣಕೈವರೆಗೆ ಮಡಚಿ, ಗೋಡೆಗೂ ಟೀವಿಗೂ ನಡುವಿನ ಗೇಣಗಲದ ಸಂದಿಯಲ್ಲಿ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು ಒಂದೊಂದೇ ವೈರನ್ನು ಸವರುತ್ತ ಹೋಗುವರು. ಆಗ ಅವರ ಮುಖ ನಾಡಿ ಹಿಡಿದು ಕೂತ ಹಕೀಮರ ಮುಖದಂತೆ ಇರುತ್ತಿತ್ತು. ಮನೆಯವರು ಚಿತ್ರ ಹೀಗೆ ಕುಣಿಯುತ್ತದೆ, ಹಾಗೆ ಓಡುತ್ತದೆ ಎಂದು ವರ್ಣಿಸುತ್ತಿದ್ದರೆ ಆಪಾ ತಣ್ಣಗೆ ಹೇಳುತ್ತಿದ್ದರು: “ಮುಂದ ನಿಂತ್ರ ಬರೀ ಸಿನೆಮಾ ಕಾಣ್ತದ್ರೀ. ರೋಗ ಎಲ್ಲಾ ಹಿಂದ ಇರ್ತದ.”

ಕಲಬುರಗಿಯ ಶಹಾಬಜಾರದಲ್ಲಿ ನಮ್ಮದೂ ಅವರದೂ ಎದುರುಬದುರು ಮನೆ. ಓಣಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಅವರ ಯಜಮಾನರು ಗೌಸ್ ಸಾಹೇಬರು ಮನೆಯ ಮುಂದಿನ ಕೋಣೆಯಲ್ಲೇ ರೇಡಿಯೊ, ಟೀವಿ ರಿಪೇರಿ ಮಾಡುತ್ತಿದ್ದರು. ನಲವತ್ತು ದಾಟುತ್ತಿದ್ದಂತೆ ಅವರ ಕೈಗಳಿಗೆ ನಡುಕ ಹತ್ತಿತು. ಸಣ್ಣ ಸ್ಕ್ರೂ ಹಿಡಿದರೆ ಜಾರಿ ಬೀಳುವುದು, ಬೆಸುಗೆ ಹಾಕಹೋದರೆ ಪಕ್ಕದ ತಂತಿ ಸುಡುವುದು. ಆಗ ಆಪಾ ಪಕ್ಕದಲ್ಲಿ ಕೂತು ಅವರು ಹೇಳಿದಂತೆ ಕೈ ಆಡಿಸತೊಡಗಿದರು. ಎರಡು ವರ್ಷ ಹೀಗೇ ನಡೆದ ಮೇಲೆ ಹೇಳುವ ಅಗತ್ಯವೂ ಉಳಿಯಲಿಲ್ಲ. ಆದರೆ ಗಿರಾಕಿಗಳಿಗೆ ಇದು ಗೊತ್ತಿರಲಿಲ್ಲ. ಕೋಣೆಯ ನಡುವೆ ಒಂದು ಹೂವಿನ ಪರದೆ. ಮುಂದೆ ಗೌಸ್ ಸಾಹೇಬರು ಸೆಟ್ಟು ಇಸಿದುಕೊಳ್ಳುತ್ತಿದ್ದರು, ಒಳಗೆ ಆಪಾ ದುರಸ್ತಿ ಮಾಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ಮನೆಮನೆಗೆ ಕೇಬಲ್ಲು ಬಂತು. ಹಳೆಯ ಟೀವಿಗಳಲ್ಲಿ ಎಲ್ಲ ಚಾನೆಲ್ಲೂ ಹಿಡಿಯದ್ದರಿಂದ ಕೇಬಲ್ಲಿನವರು ಒಂದು ಡಬ್ಬಿ ಕೊಟ್ಟರು. ಅದರ ಜೊತೆಗೆ ಕೆಲವರ ಮನೆಯಲ್ಲಿ ಟೀವಿಯ ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವ ವಿಸಿಆರ್. ಮೂರೂ ಸೇರಿದ ಮೇಲೆ ಯಾವ ವೈರು ಎಲ್ಲಿಗೆ ಎಂಬುದು ಯಾರಿಗೂ ತಿಳಿಯದಾಯಿತು. ಸೆಟ್ಟನ್ನು ಅಂಗಡಿಗೆ ಹೊತ್ತು ತಂದರೆ ಅಲ್ಲಿ ಸರಿಯಾಗಿಯೇ ಇರುತ್ತಿತ್ತು, ಮನೆಗೆ ಒಯ್ದರೆ ಮತ್ತೆ ಕೆಡುತ್ತಿತ್ತು. ಹೀಗಾಗಿ ಆಪಾ ಪರಿಚಯದ ನಾಲ್ಕಾರು ಮನೆಗಳಿಗೆ ತಾವೇ ಹೋಗತೊಡಗಿದರು. ಅವರಿಗೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ಯಂತ್ರದ ಬೆನ್ನ ಮೇಲಿನ ಇಂಗ್ಲಿಷನ್ನು ಅವರು ಎಣಿಸಿಯೇ ಗುರುತಿಸುತ್ತಿದ್ದರು. “ಎರಡಕ್ಷರ ಇದ್ರ ಒಳಗ ಬರೋ ಬಾಗಿಲಾ, ಮೂರಕ್ಷರ ಇದ್ರ ಹೊರಗ ಹೋಗೋ ಬಾಗಿಲಾ. ಇಷ್ಟ ಸಾಕ್ರಿ ನಂಗ” ಎನ್ನುವರು. ಕೆಲಸ ಮುಗಿದ ಮೇಲೆ ಒಳಗಿನ ವೈರಿಗೆ ಕೆಂಪು ದಾರ, ಹೊರಗಿನದಕ್ಕೆ ಹಸಿರು ದಾರ ಸುತ್ತಿ ಗಂಟು ಹಾಕುತ್ತಿದ್ದರು. ಚಹಾ ಕೊಟ್ಟರೆ ಚಿತ್ರ ಬರುವವರೆಗೆ ಮುಟ್ಟುತ್ತಿರಲಿಲ್ಲ.

ನಾನಾಗ ಕಮಲಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ದಿನವೂ ಬಸ್ಸಿನಲ್ಲಿ ಹೋಗಿಬರುವುದು. ಆ ವರ್ಷ ನಮ್ಮ ಶಾಲೆಯ ಹುಡುಗಿಯರ ಖೋಖೋ ತಂಡ ರಾಜ್ಯಮಟ್ಟದ ಫೈನಲ್ ಗೆದ್ದುಬಂತು. ಆ ಪಂದ್ಯವನ್ನು ಭಾನುವಾರ ಸಂಜೆ ನಾಲ್ಕಕ್ಕೆ ಟೀವಿಯಲ್ಲಿ ತೋರಿಸುವರೆಂಬ ಸುದ್ದಿ ಬಂದಾಗ ಊರಿಗೆ ಊರೇ ಹಿಗ್ಗಿತು. ಹಿಗ್ಗದವರು ಒಬ್ಬರೇ, ತಂಡದ ನಾಯಕಿ ನಾಗಮ್ಮನ ತಂದೆ ಭೀಮಶಾ. ಅವರು ಬಾಳೆಹಣ್ಣಿನ ಟೆಂಪೊ ಓಡಿಸುತ್ತಿದ್ದರು. ನಾಗಮ್ಮನಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿತ್ತು. ಬುಧವಾರದೊಳಗೆ ಅವರು ಒಪ್ಪಿ ಸಹಿ ಹಾಕಬೇಕಿತ್ತು. ನಾನು ಎರಡು ಸಲ ಮನೆಗೆ ಹೋಗಿ ಕೇಳಿದ್ದೆ. “ನಮ್ಮ ಹುಡುಗಿ ಓಡಿ ಯಾವೂರು ಮುಟ್ಟಬೇಕಾಗ್ಯಾದ್ರಿ?” ಎಂದಿದ್ದರು. ಮಗಳು ಆಡಿದ್ದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಆ ಭಾನುವಾರವೂ ಅವರು ಹೈದರಾಬಾದಿನ ದಾರಿಯಲ್ಲಿರುವವರಿದ್ದರು. ಪಂದ್ಯವನ್ನು ರೆಕಾರ್ಡ್ ಮಾಡಿಟ್ಟು ಸೋಮವಾರ ತೋರಿಸಬೇಕೆಂದು ನಾನು ನಿಶ್ಚಯಿಸಿದೆ.

ಶಾಲೆಯಲ್ಲಿ ದಾನ ಬಂದ ಒಂದು ಹಳೆಯ ಟೀವಿ, ವಿಸಿಆರ್ ಇದ್ದವು. ಶನಿವಾರ ಜೋಡಿಸಿ ನೋಡಿದರೆ ಪರದೆಯ ತುಂಬ ಹಿಟ್ಟು ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಊರಿನ ಮೆಕ್ಯಾನಿಕ್ ಬಂದು ವೈರುಗಳನ್ನು ಅದಲುಬದಲು ಮಾಡಿ, ವಿಸಿಆರ್ ಸುಟ್ಟುಹೋಗಿದೆ, ಇದರ ಆಸೆ ಬಿಡಿ ಎಂದುಬಿಟ್ಟ. ಅಂದು ಸಂಜೆ ಶಹಾಬಜಾರಕ್ಕೆ ಬಂದವಳೇ ಆಪಾ ಅವರ ಮುಂದೆ ಕೂತು ಎಲ್ಲ ಹೇಳಿದೆ. ಅವರು ಅಷ್ಟು ದೂರ, ಗುರುತಿಲ್ಲದವರ ನಡುವೆ ಎಂದೂ ಕೆಲಸಕ್ಕೆ ಹೋದವರಲ್ಲ. ಗಂಡನ ಕಡೆ ನೋಡಿದರು. ಗೌಸ್ ಸಾಹೇಬರೇ ನಡುಗುವ ಕೈಯಿಂದ ಸ್ಕ್ರೂಡ್ರೈವರಿನ ಚೀಲ ತೆಗೆದು ಅವರ ಮುಂದಿಟ್ಟರು.

ಭಾನುವಾರ ನಮ್ಮ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ, ಶಾಲೆ ಮುಟ್ಟಿದಾಗ ಮೂರೂ ಕಾಲು. ಊರ ಜನ ತುಂಬಿ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಡ್‌ಮಾಸ್ತರರು ಆಪಾರನ್ನು ನೋಡಿ ನನ್ನನ್ನು ಪಕ್ಕಕ್ಕೆ ಕರೆದು, ಮೆಕ್ಯಾನಿಕ್ ಕೈಬಿಟ್ಟದ್ದನ್ನು ಈ ಹೆಣ್ಣುಮಗಳು ಏನು ಮಾಡಿಯಾಳು ಎಂದು ಪಿಸುಗುಟ್ಟಿದರು. ಆಪಾಗೆ ಅದು ಕೇಳಿಸಿತೆಂದು ನನಗೆ ಗೊತ್ತು. ಅವರು ಆಗಲೇ ಟೀವಿಯ ಹಿಂದೆ ಇದ್ದರು.

ಮೊದಲು ಎಲ್ಲ ವೈರುಗಳನ್ನೂ ಕಿತ್ತು ನೆಲದ ಮೇಲೆ ಸಾಲಾಗಿ ಇಟ್ಟರು. ಇದ್ದದ್ದನ್ನೂ ಕೆಡಿಸಿದಳು ಎಂದು ಹಿಂದೆ ಯಾರೋ ಗೊಣಗಿದರು. ಆಪಾ ಕೇಬಲ್ಲಿನ ವೈರನ್ನು ನೇರ ಟೀವಿಗೆ ಚುಚ್ಚಿದರು. ಯಾವುದೋ ಹಿಂದಿ ಚಾನೆಲ್ಲು ನಿಚ್ಚಳವಾಗಿ ಮೂಡಿತು. ಅಂದರೆ ಕೇಬಲ್ಲು ಸರಿ, ಟೀವಿಯೂ ಸರಿ. ಆಮೇಲೆ ನಡುವೆ ಡಬ್ಬಿ ಸೇರಿಸಿದರು. ನಮಗೆ ಬೇಕಾದ ಕನ್ನಡ ಚಾನೆಲ್ಲು ಬಂತು. ಡಬ್ಬಿಯೂ ಸರಿ. ಕೊನೆಗೆ ವಿಸಿಆರನ್ನು ನಡುವೆ ತಂದರು. ಮತ್ತೆ ಅದೇ ಬಿಳಿ ಚುಕ್ಕೆ. ಗುಂಪಿನಲ್ಲಿದ್ದ ನಿನ್ನೆಯ ಮೆಕ್ಯಾನಿಕ್ ನಗುತ್ತ ಹೆಡ್‌ಮಾಸ್ತರರ ಕಡೆ ನೋಡಿದ. ಮೂರೂ ಮುಕ್ಕಾಲು.

ಆಪಾ ಕಣ್ಣು ಮುಚ್ಚಿಕೊಂಡು ಡಬ್ಬಿಯಿಂದ ವಿಸಿಆರಿಗೆ ಬರುವ ವೈರಿನ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಒಳಗಿನ ತಾಮ್ರದ ಎಳೆ ಮುರಿದು ಮೊಂಡಾಗಿತ್ತು. “ಮಷೀನ ಸತ್ತಿಲ್ರಿ ಮಾಸ್ತರ. ಅದರ ಕಿವೀಗಿ ಮಾತು ಮುಟ್ಟಿಲ್ಲ, ಅಷ್ಟ” ಎಂದರು. ಬ್ಲೇಡಿನಿಂದ ವೈರನ್ನು ಸುಲಿದು ಹೊಸ ಎಳೆ ಹೊರತೆಗೆದು ಚುಚ್ಚಿದಾಗ, ವಿಸಿಆರಿನೊಳಗಿಂದ ಹಾದುಬಂದ ಚಿತ್ರ ಪರದೆಯ ಮೇಲೆ ನಿಂತಿತು. ಹುಡುಗಿಯರು ಚಪ್ಪಾಳೆ ಹೊಡೆದರು. ಆಪಾ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ರೆಕಾರ್ಡ್ ಗುಂಡಿ ಒತ್ತಿದರೆ ಕ್ಯಾಸೆಟ್ಟು ಹೊರಗೆ ಬರುತ್ತಿತ್ತು. ಅವರು ಅದನ್ನು ತಿರುಗಿಸಿ ನೋಡಿ, ಅಂಚಿನಲ್ಲಿದ್ದ ಚಿಕ್ಕ ತೂತನ್ನು ನನಗೆ ತೋರಿಸಿದರು. ಹಳೆಯದರ ಮೇಲೆ ಹೊಸದು ಅಚ್ಚಾಗದಿರಲೆಂದು ಅಲ್ಲಿನ ಪ್ಲಾಸ್ಟಿಕ್ ಎಸಳನ್ನು ಯಾರೋ ಮುರಿದಿದ್ದರಂತೆ. ಶಾಲೆಯ ಔಷಧಿ ಪೆಟ್ಟಿಗೆಯಿಂದ ಗಾಯಕ್ಕೆ ಹಚ್ಚುವ ಪಟ್ಟಿ ತರಿಸಿ ಆ ತೂತಿಗೆ ಅಂಟಿಸಿದರು. ಕ್ಯಾಸೆಟ್ಟು ಒಳಗೆ ನಿಂತಿತು, ಕೆಂಪು ದೀಪ ಹತ್ತಿತು. ಪಂದ್ಯದ ಶೀರ್ಷಿಕೆ ಮೂಡಿದ್ದು ಅದಾದ ಮೇಲೆ.

ಆಟ ಮುಗಿಯುವವರೆಗೆ ಸಭಾಂಗಣ ಕೇಕೆಯಿಂದ ತುಂಬಿತ್ತು. ಆಪಾ ಮಾತ್ರ ಹಿಂದೆಯೇ ಕೂತು ಆ ಕೆಂಪು ದೀಪ ಆರದಂತೆ ಕಾದರು. ಕೊನೆಗೆ ಹೆಡ್‌ಮಾಸ್ತರರು ತಾವೇ ಚಹಾ ತಂದು ಎರಡೂ ಕೈಯಿಂದ ಕೊಟ್ಟರು. ಮೆಕ್ಯಾನಿಕ್ ಹತ್ತಿರ ಬಂದು ಆ ಪಟ್ಟಿಯ ವಿಷಯ ಕೇಳಿದ. ಆಪಾ ಅವನನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದರು.

ಸೋಮವಾರ ಮಧ್ಯಾಹ್ನ ಭೀಮಶಾ ರಸ್ತೆಯ ಧೂಳಿನಲ್ಲೇ ಬಂದು ಶಾಲೆಯ ಬಾಗಿಲಲ್ಲಿ ನಿಂತರು. ಕ್ಯಾಸೆಟ್ಟು ಹಾಕಿದೆ. ನಾಗಮ್ಮ ಮೈಚಾಚಿ ಹಾರಿ ಎದುರಾಳಿಯ ಹಿಮ್ಮಡಿ ಮುಟ್ಟುವ ಗಳಿಗೆ ಬಂದಾಗ ಇನ್ನೊಮ್ಮೆ ತೋರಿಸಲು ಹೇಳಿದರು. ಮೂರನೆಯ ಸಲ ಟೀವಿಯ ಹತ್ತಿರ ಬಂದು ಬಗ್ಗಿ ನೋಡಿದರು.

“ಇಕಿಗಿ ಹಿಂಗ ಬರ್ತದಂತ ನಂಗ ಯಾರೂ ಹೇಳೇ ಇಲ್ರಿ ಟೀಚರ್.”

ಹಾಸ್ಟೆಲ್ಲಿನ ಕಾಗದ ಕೇಳಿ ಇಸಿದುಕೊಂಡು, ಟೀವಿಯ ನೆತ್ತಿಯ ಮೇಲಿಟ್ಟು ಸಹಿ ಹಾಕಿದರು.

ಇದನ್ನು ಆಪಾಗೆ ಹೇಳಿದಾಗ ಅವರು ಕೇಳಿದ್ದು, ಚಿತ್ರ ಕೊನೆಯವರೆಗೆ ಚಲೋ ಬಂದಿತ್ತೇ ಎಂದು ಮಾತ್ರ. ಆದರೆ ಮುಂದಿನ ವಾರ ಕಮಲಾಪುರದಿಂದ ಇಬ್ಬರು ವಿಸಿಆರ್ ಹೊತ್ತುಕೊಂಡು ಶಹಾಬಜಾರಕ್ಕೆ ಬಂದು, ಟೀವಿ ರಿಪೇರಿ ಆಪಾ ಎಲ್ಲಿ ಎಂದು ಓಣಿಯ ತುಂಬ ವಿಚಾರಿಸಿದರು. ಗೌಸ್ ಸಾಹೇಬರು ಎದ್ದು ಆ ಹೂವಿನ ಪರದೆ ಬಿಚ್ಚಿ ಮಡಚಿಟ್ಟರು. “ಇಕಿನೇ ನೋಡ್ರಿ. ಇಷ್ಟ ದಿನ ಕೆಲಸ ಇಕೀದು, ಹೆಸರು ನಂದು ಇತ್ತು” ಎಂದರು. ಮತ್ತೆಂದೂ ಪರದೆ ಕಟ್ಟಲಿಲ್ಲ.

ಎರಡು ಸಾವಿರದ ಆಚೆಗೆ ವಿಸಿಆರ್‌ಗಳು ಮೂಲೆ ಸೇರಿದವು. ಸಿಡಿ, ಡಿವಿಡಿ ಬಂದವು. ಆಪಾ ಅವನ್ನೂ ಬಿಚ್ಚಿ ನೋಡಿ ಕಲಿತರು. ಊರಂಚಿನ ಕೋಟನೂರಿನಲ್ಲಿ ಹೆಣ್ಣುಮಕ್ಕಳಿಗೆ ರಿಪೇರಿ ಕಲಿಸುವ ತರಗತಿ ಶುರುವಾದಾಗ ಅವರನ್ನೇ ಕರೆದರು. ನಾನು ಒಮ್ಮೆ ನೋಡಲು ಹೋದೆ. ಹನ್ನೆರಡು ಹೆಂಗಸರು ಬೆಂಚಿನ ಮೇಲೆ ಕೂತಿದ್ದರು. ಆಪಾ ನನ್ನನ್ನೂ ಅವರ ಜೊತೆ ಕೂಡಿಸಿ, ಚಿತ್ರ ಬರುತ್ತದೆ, ಧ್ವನಿ ಇಲ್ಲ, ಮೊದಲು ಏನು ನೋಡಬೇಕು ಎಂದು ಕೇಳಿದರು. ಸ್ಪೀಕರ್ ಹೋಗಿರಬೇಕು ಎಂದೆ. ಹನ್ನೆರಡೂ ಜನ ಒಟ್ಟಿಗೆ, ಧ್ವನಿ ತರುವ ಬಿಳಿ ವೈರ್ ನೋಡಬೇಕು ಎಂದರು. ಆಪಾ ನಗಲಿಲ್ಲ.

“ಇರ್ಲಿ ಕೂಡ್ರಿ ಟೀಚರ್. ದಿನಾ ಬಂದ್ರ ನಿಮಗೂ ಬರ್ತದ.”

ದಿನಾ ಹೋಗಲು ನನಗಾಗಲಿಲ್ಲ. ಆ ಚಳಿಗಾಲದಲ್ಲಿ, ನಾನು ಊರಲ್ಲಿಲ್ಲದಾಗ, ಆಪಾ ಎರಡು ದಿನದ ಜ್ವರದಲ್ಲಿ ತೀರಿಕೊಂಡರು. ಮಣ್ಣಿಗೂ ಹೋಗಲಾಗಲಿಲ್ಲ. ತಿಂಗಳ ಮೇಲೆ ಕೋಟನೂರಿಗೆ ಹೋದಾಗ ಆ ಕೋಣೆ ಮುಚ್ಚಿರಬಹುದೆಂದುಕೊಂಡಿದ್ದೆ. ಬಾಗಿಲು ತೆರೆದಿತ್ತು. ಅಂದು ಮುಂದಿನ ಬೆಂಚಿನಲ್ಲಿದ್ದ ಹೆಂಗಸು ಈಗ ಬೋರ್ಡಿನ ಬಳಿ ನಿಂತು ಕಲಿಸುತ್ತಿದ್ದಳು. ಬೆಂಚಿನ ಮೇಲೆ ಹೊಸ ಮುಖಗಳು, ಇಪ್ಪತ್ತಕ್ಕೂ ಹೆಚ್ಚು. ನಾನು ಹಿಂದೆ ಹೋಗಿ ಖಾಲಿ ಇದ್ದ ಜಾಗದಲ್ಲಿ ಕೂತೆ.