ಫ್ಯೂಜ್ ನನ್ನ ಚೀಲದಲ್ಲಿತ್ತು

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಇಪ್ಪತ್ತು ವರ್ಷದಿಂದ ಕಂಬ ಹತ್ತುತ್ತಿರುವ ಲೈನ್‌ಮನ್. ದೆವ್ವದ ಮಾತು ಆಡುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ತಂತಿಯಲ್ಲಿ ಕರೆಂಟ್ ಇದ್ದರೆ ಬಲ್ಬು ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಹೊಟ್ಟೆಪಾಡು, ನನ್ನ ಪ್ರಾಣ ಎರಡೂ ಈ ಒಂದು ಲೆಕ್ಕದ ಮೇಲೆ ನಿಂತಿವೆ. ಆ ಲೆಕ್ಕ ತಪ್ಪಿದ್ದನ್ನು ಈ ಕಣ್ಣಿಂದಲೇ ನೋಡಿದ್ದೇನೆ. ಹೆಸರುಗಳನ್ನಷ್ಟೇ ಬದಲಿಸಿದ್ದೇನೆ.

ಉಗಾರ ಖುರ್ದದಿಂದ ಆಚೆ, ಕೃಷ್ಣೆಯ ದಂಡೆಯ ಕಬ್ಬಿನ ನಡುವೆ ಸಾಮು ಮತ್ತು ದಾವೀದ ಎಂಬ ಅಣ್ಣತಮ್ಮಂದಿರ ತೋಟ. ಕ್ರೈಸ್ತ ಮನೆತನ. ಎರಡು ಮನೆ, ನಡುವೆ ಒಂದೇ ಬಾವಿ, ಒಂದೇ ಟ್ರಾನ್ಸ್‌ಫಾರ್ಮರ್. ಬಾವಿ ನೀರಿನ ಪಾಳಿಯ ಜಗಳಕ್ಕೆ ಇಬ್ಬರ ನಡುವೆ ಎರಡು ವರ್ಷದಿಂದ ಮಾತಿರಲಿಲ್ಲ. ಅಣ್ಣ ಸಾಮು ನನ್ನ ಗೆಳೆಯ. ವಾರಕ್ಕೊಮ್ಮೆ ಕೂತು ಕುಡಿಯುವಷ್ಟು ಗೆಳೆಯ.

ಡಿಸೆಂಬರ್ ಬಂದರೆ ದಾವೀದನ ಹೆಂಡತಿ ರೂತಕ್ಕ ಅಂಗಳದ ಬೇವಿನ ಮರಕ್ಕೆ ಕೆಂಪು ಕಾಗದದ ನಕ್ಷತ್ರ ತೂಗುಹಾಕಿ, ಒಳಗೊಂದು ಬಲ್ಬು ಹಚ್ಚುತ್ತಿದ್ದಳು. ಮೀಟರ್ ನೋಡಲು ಹೋದಾಗ ನನಗೆ ಚಹಾ ಕೊಟ್ಟು, ಅದರ ಅರ್ಥ ಹೇಳಿದ್ದಳು.

"ಇದು ಬರೇ ಚಂದಕ್ಕ ಕಟ್ಟಿದ್ದಲ್ರಿ. ನಮ್ಮ ಸುವಾರ್ತಿಯೊಳಗ ಬರದೈತಿ. ಯೇಸು ಸ್ವಾಮಿಯೊಳಗ ಜೀವ ಇತ್ತು, ಆ ಜೀವಾನ ಮಂದಿಗೆ ಬೆಳಕಾತು. ಕತ್ತಲಿಗೆ ಅದನ್ನ ನುಂಗಾಕ ಆಗಲಿಲ್ಲಂತ."

"ನಾ ಫ್ಯೂಜ್ ತಗದ್ರ ನುಂಗತೈತಿ ಬಿಡಕ್ಕಾ" ಎಂದು ಛೇಡಿಸಿದ್ದೆ. ಆಕೆ ನಕ್ಕು ಇನ್ನೊಂದು ಕಪ್ ಚಹಾ ಸುರಿದಳು.

ಅದಾಗಿ ವಾರವಾಗಿರಬೇಕು. ಅಮಾವಾಸ್ಯೆಯ ಸಂಜೆ, ಏಳು ದಾಟಿತ್ತು. ಸಾಮುವಿನ ಫೋನ್ ಬಂತು.

"ಮಲ್ಲೂ, ಬಾವಿ ಹತ್ರ ಕೇಬಲ್ ಸುಡಾಕತ್ತೈತಿ. ಹತ್ತ ನಿಮಿಷ ಲೈನ್ ತಗೀ, ಜಾಯಿಂಟ್ ಹಾಕ್ತೇನಿ."

"ನಾನೂ ಬರ್ಲೇನು?"

"ಬ್ಯಾಡ. ನೀ ಲೈನ್ ಅಷ್ಟ ತಗೀ."

ನಮ್ಮ ಕಡೆ ಹೀಗೇ ನಡೆಯುತ್ತದೆ. ರೈತ ಫೋನ್ ಮಾಡುತ್ತಾನೆ, ನಾವು ಲೈನ್ ತೆಗೆಯುತ್ತೇವೆ, ಹೋಗಿ ನೋಡುವವರಿಲ್ಲ. ಆದರೆ ಅವತ್ತು ಬೆಳಿಗ್ಗೆಯೇ ಅಣ್ಣತಮ್ಮ ಬಾವಿಯ ದಂಡೆಯಲ್ಲಿ ಕೊರಳಪಟ್ಟಿ ಹಿಡಿದದ್ದು ನನಗೆ ಗೊತ್ತಿತ್ತು. ಸಾಮುವಿನ ದನಿ ಯಾಕೋ ತೀರಾ ಶಾಂತವಾಗಿತ್ತು. ನನಗೆ ಏನೂ ಅನಿಸಲಿಲ್ಲ ಎಂದರೆ ಅರ್ಧ ಸುಳ್ಳಾದೀತು.

ಆದರೂ ಟ್ರಾನ್ಸ್‌ಫಾರ್ಮರ್ ಬಳಿ ಹೋಗಿ ಮೂರೂ ಫ್ಯೂಜ್ ಕಿತ್ತು ಹೆಗಲ ಚೀಲಕ್ಕೆ ಹಾಕಿಕೊಂಡೆ. ಎರಡು ಮನೆ, ಬೇವಿನ ಮರದ ನಕ್ಷತ್ರ... ಎಲ್ಲವೂ ಒಮ್ಮೆಲೇ ಆರಿದವು. ಗಾಳಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಮಾತ್ರ ಉಳಿಯಿತು.

ಆಮೇಲೆ ಆ ಸದ್ದು. ಥಚ್... ಕಬ್ಬು ಕಡಿಯುವ ಕೊಯ್ತಾದ ಸದ್ದು. ಈ ಕತ್ತಲಲ್ಲಿ ಯಾರು ಕಬ್ಬು ಕಡಿಯುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಗಂಡಸೊಬ್ಬ ಚೀರಿದ.

ನಾನು ಕಬ್ಬಿನೊಳಗೇ ಓಡಿದೆ. ಗರಿ ಮುಖ ಕೊಯ್ದವು. ನೀರಿನ ಕಾಲುವೆಯಲ್ಲಿ ಮುಗ್ಗರಿಸಿ ಬಿದ್ದು, ಕೈಯಲ್ಲಿದ್ದ ಮೊಬೈಲನ್ನು ಕೆಸರು ನುಂಗಿತು. ದಾವೀದನ ಅಂಗಳ ತಲುಪಿದಾಗ ಕಣ್ಣಿಗೆ ಏನೂ ಕಾಣಲಿಲ್ಲ. ಏದುಸಿರು... ಹಸಿ ರಕ್ತದ ವಾಸನೆ...

"ಬ್ಯಾಡೋ ಅಣ್ಣಾ... ಬ್ಯಾಡೋ..."

ದಾವೀದನ ದನಿ ನೆಲದ ಮೇಲಿಂದ ಬಂತು. ಮತ್ತೆ ಥಚ್. ಈ ಸಲ ಅದು ಮಾಂಸಕ್ಕೆ ಬಿದ್ದದ್ದೆಂದು ಕೇಳಿದವನಿಗೆ ಗೊತ್ತಾಗುತ್ತದೆ. ನುಗ್ಗಬೇಕೆಂದರೆ ಯಾರ ಮೈ ಎಲ್ಲಿದೆ, ಕೊಯ್ತಾ ಯಾವ ಕಡೆಯಿಂದ ಬರುತ್ತದೆ, ತಿಳಿಯದು. ಹೆದರಿ ಅಲ್ಲೇ ನಿಂತುಬಿಟ್ಟೆ.

ಆಗ ಬೇವಿನ ಮರದ ನಕ್ಷತ್ರ ಹತ್ತಿತು.

ಮಿಣುಕಲಿಲ್ಲ. ಸದ್ದಿಲ್ಲ. ಕೆಂಪು ಕಾಗದದೊಳಗಿಂದ ಕೆಂಪು ಬರಬೇಕು, ಬಂದದ್ದು ಬಿಳಿ ಬೆಳಕು, ಹಗಲಿನಷ್ಟು ಬಿಳಿ. ಅಂಗಳದ ಒಂದೊಂದು ಕಲ್ಲೂ ಕಂಡಿತು. ಸಾಮು ಎರಡೂ ಕೈಯಲ್ಲಿ ಕೊಯ್ತಾ ಎತ್ತಿದ್ದ. ಕೊಯ್ತಾದ ನೇರಕ್ಕೆ ಅವನ ತಮ್ಮನಿರಲಿಲ್ಲ. ಕತ್ತಲಲ್ಲಿ ಗಂಡನ ಮೇಲೆ ಅಡ್ಡ ಬಿದ್ದಿದ್ದ ರೂತಕ್ಕನ ಕುತ್ತಿಗೆಯಿತ್ತು.

ಸಾಮುವೂ ಅದನ್ನು ಕಂಡ. ಅವನ ಕೈ ಮೇಲೆಯೇ ನಿಂತಿತು.

ಅಷ್ಟು ಸಾಕಾಯಿತು. ಹೆಗಲ ಚೀಲದಲ್ಲಿ ಕೈಗೆ ಸಿಕ್ಕ ಇಕ್ಕಳದಿಂದ ಅವನ ಮಣಿಕಟ್ಟಿಗೆ ಹೊಡೆದೆ. ಎಲುಬು ಮುರಿದ ಸದ್ದಾಗಿ ಕೊಯ್ತಾ ಬಿತ್ತು. ಆದರೆ ನಾನು ನಿಲ್ಲಿಸಲಿಲ್ಲ. ಕೆಡವಿ ಮುಖಕ್ಕೆ ಹೊಡೆದೆ, ಬಾಯಿಗೆ ಹೊಡೆದೆ. ನನ್ನಿಂದ ಫ್ಯೂಜ್ ತೆಗೆಸಿದ್ದಕ್ಕೆ ಹೊಡೆದೆ. ಅವನು ಸಾಯಲಿ ಎಂದೇ ಹೊಡೆಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

"ಸಾಕ್ರಿ" ಎಂದಳು ರೂತಕ್ಕ, ಗಂಡನ ತೋಳನ್ನು ಸೆರಗಿನಿಂದ ಬಿಗಿಯುತ್ತ. "ಅಂವಗೂ ಜೀವ ಐತಿ."

ತಲೆ ಎತ್ತಿದೆ. ಎದುರಿನ ಸುಣ್ಣದ ಗೋಡೆಯ ಮೇಲೆ ಇಕ್ಕಳ ಎತ್ತಿದ ನೆರಳೊಂದಿತ್ತು. ಅದು ನನ್ನದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೈ ಇಳಿಸಿದೆ. ಬೆಳಕು ಆರಿತು.

ಸಾಮುವನ್ನು ಪೊಲೀಸರು ಒಯ್ದರು. ದಾವೀದ ಎರಡು ಬೆರಳು ಕಳೆದುಕೊಂಡು ಬದುಕಿದ. ಅವನನ್ನು ಅಥಣಿಯ ಆಸ್ಪತ್ರೆಯಲ್ಲಿ ಒಳಗೆ ಕರೆದೊಯ್ದ ಮೇಲೆ ರಕ್ತದ ಕೈ ಒರೆಸಿಕೊಳ್ಳಲು ಚೀಲದಲ್ಲಿ ಬಟ್ಟೆ ಹುಡುಕಿದೆ. ಕೈಗೆ ಫ್ಯೂಜ್ ಸಿಕ್ಕವು. ಒಂದು, ಎರಡು, ಮೂರು.

ಬೆಳಿಗ್ಗೆ ಪೊಲೀಸರ ಜೊತೆ ಹೋಗಿ ನೋಡಿದೆ. ಟ್ರಾನ್ಸ್‌ಫಾರ್ಮರ್ ನಾನು ಬಿಟ್ಟಂತೆಯೇ ಇತ್ತು. ಮರದ ನಕ್ಷತ್ರಕ್ಕೆ ಹೋಗುವ ವೈರನ್ನು ಕೊಯ್ತಾ ಕಡಿದುಹಾಕಿತ್ತು. ನಕ್ಷತ್ರದೊಳಗಿನ ಬಲ್ಬು ಒಡೆದಿತ್ತು.

"ಲೈನ್ ನಾನ ತಗದೀನಿ ಅಂತಿ" ಎಂದ ಫೌಜದಾರ, ಬರೆಯುವುದನ್ನು ನಿಲ್ಲಿಸಿ. "ಅಮಾಸಿ ಕತ್ತಲ. ಹಂಗಾದ್ರ ಕೊಯ್ತಾ ಬೀಸಿದಾಂವ ಸಾಮೂನ ಅಂತ ಯಾವ ಬೆಳಕಿನಾಗ ನೋಡಿದಿ?"

ಮರದ ನಕ್ಷತ್ರದ ಕಡೆ ಕೈ ತೋರಿಸಿದೆ. ಅವನು ಕಾಗದದಲ್ಲಿ ಆ ಜಾಗವನ್ನು ಖಾಲಿ ಬಿಟ್ಟ. ಮುಂದೆ ಕೋರ್ಟಿನಲ್ಲಿ ವಕೀಲರೂ ಇದನ್ನೇ ಕೇಳುತ್ತಾರೆ.

ಆ ರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ ರೂತಕ್ಕನ ಕಾಲು ಹಿಡಿಯಲು ಬಗ್ಗಿದ್ದೆ. "ಫ್ಯೂಜ್ ತಗದಾಂವ ನಾನ ಅಕ್ಕಾ" ಎಂದೆ. ಆಕೆ ನನ್ನನ್ನು ಎಬ್ಬಿಸಿ ಮುಖ ನೋಡಿದಳು.

"ನೀವು ತಗದದ್ದು ಕರೆಂಟ್ ಅಷ್ಟರಿ" ಎಂದಳು.

ಈಗಲೂ ಕಂಬ ಹತ್ತುತ್ತೇನೆ. ಲೈನ್ ತೆಗೆಯುವ ಮುಂಚೆ ಹೋಗಿ ನೋಡುತ್ತೇನೆ. ಫ್ಯೂಜ್ ಕಿತ್ತು ಚೀಲಕ್ಕೆ ಹಾಕುತ್ತೇನೆ, ಎರಡು ಸಲ ಮುಟ್ಟಿ ಎಣಿಸುತ್ತೇನೆ. ಆದರೆ ಮೇಲೆ ಹೋಗಿ ಆ ಕರೆಂಟಿಲ್ಲದ ಸತ್ತ ತಂತಿಗೆ ಚಾಚಿದ ಕೈಯನ್ನು ಮುಟ್ಟುವ ಮುಂಚೆ ಹಿಂದಕ್ಕೆ ಎಳೆದುಕೊಳ್ಳುತ್ತೇನೆ... ಅದು ಸತ್ತಿದೆಯೆಂದು ನನಗೆ ಇನ್ನು ಯಾರು ಹೇಳಬೇಕು?