ನೋವು ಅಂದವನಲ್ಲ ಆರ್ವಿಡ್

ಮಿನೆಸೋಟಾದ ನಮ್ಮೂರಲ್ಲಿ ಮನೆಗೆ ಬೆಂಕಿ ಬಿದ್ದವನನ್ನು ಹೇಗಿದ್ದೀಯಪ್ಪ ಅಂತ ಕೇಳಿ ನೋಡಿ. "ಪರವಾಗಿಲ್ಲ, ಸ್ವಲ್ಪ ಸೆಕೆ" ಅಂದಾನು. ಇಂಥವರ ನಡುವೆಯೂ ಆರ್ವಿಡ್ ಒಂದು ಕೈ ಮೇಲೆ. ನಲವತ್ತು ವರ್ಷ ಊರವರ ಮನೆಯ ಚಾವಣಿಗಳಿಗೆ ಬಣ್ಣ ಬಳಿದವನು. ಒಮ್ಮೆ ಏಣಿಯಿಂದ ಬಿದ್ದು, ಬಿದ್ದಲ್ಲಿಂದಲೇ ಆ ಮನೆಯೊಡತಿಯ ಬಳಿ ಕಾರ್ಪೆಟ್ ಹಾಳಾಯ್ತೆಂದು ಕ್ಷಮೆ ಕೇಳಿದವನು.

ಆ ಅಕ್ಟೋಬರಿನಲ್ಲಿ ಔಷಧಿ ಅಂಗಡಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡ. ಅಂಗಡಿಯವಳು ಸೂಜಿಯನ್ನು ತೋಳಿಗೆ ಚುಚ್ಚುವ ಬದಲು ಭುಜದ ಕೀಲಿಗೇ ಇಳಿಸಿದಳು. ಬಲಗೈ ಮತ್ತೆ ಕಿವಿಗಿಂತ ಮೇಲೆ ಏಳಲೇ ಇಲ್ಲ. ಕೈ ಎತ್ತಲಾಗದ ಪೇಂಟರಿಗೆ ಯಾರು ಕೆಲಸ ಕೊಡುತ್ತಾರೆ? ಇಂಥವರಿಗೆಂದೇ ಸರ್ಕಾರದ ಪರಿಹಾರ ನಿಧಿಯಿದೆ, ನಿಜ. ಆದರೆ ಚುಚ್ಚಿದ ಎರಡು ದಿನದೊಳಗೆ ನೋವು ಶುರುವಾಗಿತ್ತೆಂದು ತೋರಿಸಬೇಕು.

ವಕೀಲೆ ಡೆನೀಸ್ ಡಾಕ್ಟರ ಕಡತ ತರಿಸಿದಳು. ನವೆಂಬರಿನಲ್ಲಿ, "ದೂರೇನೂ ಇಲ್ಲ." ಜನವರಿಯಲ್ಲಿ, "ಆರಾಮ ಅನ್ನುತ್ತಾರೆ."

"ಅಲ್ಲ ಮಾರಾಯ್ರೇ, ಡಾಕ್ಟರ ಹತ್ರಾನೂ ನೋವು ಅಂತ ಬಾಯಿ ಬಿಡ್ಲಿಲ್ವಾ?"

"ಪಾಪ, ಹೊರಗೆ ಜನ ಕಾಯ್ತಾ ಇದ್ರು."

ಡೆನೀಸ್ ಹಣೆ ಹಣೆ ಚಚ್ಚಿಕೊಂಡಳು.

ವಿಚಾರಣೆ ನಡೆದದ್ದು ಆರ್ವಿಡನ ಅಡುಗೆಮನೆಯಲ್ಲಿ, ಕಂಪ್ಯೂಟರಿನ ಪರದೆ ಮೇಲೆ. ನ್ಯಾಯಾಧೀಶೆ ಭುಜ ಹೇಗಿದೆ ಅಂದರು.

"ಪರವಾಗಿಲ್ಲ" ಅಂದುಬಿಟ್ಟ ಮಹಾರಾಯ! ಸರ್ಕಾರದ ವಕೀಲರು ಸಂತೋಷದಿಂದ ಬರೆದುಕೊಂಡರು.

ಆಮೇಲೆ ಸಾಕ್ಷಿ ಹೇಳಲು ಹೆಂಡತಿ ಮಾರ್ಲಿಸ್ ಬಂದಳು, ಕೈಯಲ್ಲಿ ಗೋಡೆಯ ಕ್ಯಾಲೆಂಡರ್. ಅಕ್ಟೋಬರ್ ಒಂಬತ್ತರ ಚೌಕದಲ್ಲಿ "ಆರ್ವಿಡ್‌ಗೆ ಲಸಿಕೆ" ಅಂತಿತ್ತು. ಹತ್ತರಲ್ಲಿ, "ಕೋಟು ತೊಡಿಸು ಅಂದ."

"ಇಷ್ಟು ಸಣ್ಣ ವಿಷಯ ಯಾಕೆ ಬರೆದಿಟ್ರಿ?" ಅಂದರು ಸರ್ಕಾರದ ವಕೀಲರು.

"ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು ಸಾರ್. ಈತ ನನ್ನ ಹತ್ರ ಸಹಾಯ ಅಂತ ಕೇಳಿದ್ದು ಅದೇ ಮೊದಲು. ಖುಷಿಯಾಯ್ತು, ಬರ್ಕೊಂಡೆ." ಕ್ಯಾಲೆಂಡರನ್ನು ಮೇಜಿನ ಮೇಲಿಟ್ಟಳು. "ಕೈ ನೋಯ್ತಿದೆ ಅಂತ ಗೊತ್ತಿರ್ಲಿಲ್ಲ ನಂಗೆ."

ನ್ಯಾಯಾಧೀಶೆ ಆ ಹಾಳೆಯನ್ನು ಸಾಕ್ಷ್ಯಕ್ಕೆ ಸೇರಿಸಿಕೊಂಡು, ಎರಡು ದಿನದ ಷರತ್ತು ಪೂರೈಸಿದೆ, ಪರಿಹಾರ ಸಲ್ಲಬೇಕು ಅಂದರು. ಪರದೆ ಆರಿತು.

ಆರ್ವಿಡ್ ಹೆಂಡತಿಯನ್ನೇ ನೋಡುತ್ತಿದ್ದ.

"ತುಂಬಾ ನೋಯುತ್ತೆ ಮಾರ್ಲಿಸ್" ಅಂದ.