ನಾಲ್ಕಿಂಚಿನ ಸೊಂಟ

ನಮ್ಮ ಬೀದಿಯ ಟೈಲರನಿಗೆ ಗಿರಾಕಿಗಳ ಮುಖ ನೆನಪಿರುವುದಿಲ್ಲ, ಆದರೆ ಕವಲುಬಾಲದ ಚಿಟ್ಟೆಯೊಂದು ಹಾದುಹೋದರೆ ಸಾಕು, ಹೊಲಿಗೆ ನೋಡಿಯೇ ಜಾತಿ ಹೇಳಿಬಿಡುತ್ತಾನೆ: “ಕಪ್ಪು ಬಟ್ಟೆ, ನಡುವೆ ಬಿಳಿ ಪಟ್ಟಿ, ಕೆಳಗೆ ಎರಡು ಬಾಲ. ಇದು ನಿಂಬೆ ಗಿಡದ ಗಿರಾಕಿ!” ಹೂವಿನ ಮೇಲೆ ಕೂತಾಗಲೂ ಅದು ರೆಕ್ಕೆ ಬಡಿಯುತ್ತಲೇ ಇದ್ದರೆ, “ಅಳತೆಗೆ ನಿಂತ ಮಕ್ಕಳ ಥರ, ಒಂದ್ನಿಮಿಷ ಸುಮ್ನಿರಲ್ಲ” ಎಂದು ಗೊಣಗುತ್ತಾನೆ. ಅದು ಮೊಟ್ಟೆಯಿಡಲೆಂದೇ ಅಂಗಡಿ ಬಾಗಿಲಲ್ಲಿ ನಿಂಬೆ ಗಿಡ ಸಾಕಿದ್ದಾನೆ. ಹುಳಗಳು ಎಲೆ ತಿಂದ ಮೇಲೂ ಗಿಡ ಉಳಿದರೆ ಹೆಂಡತಿಗೆ ಹಣ್ಣು. ಮೊನ್ನೆ ಮದುಮಗನೊಬ್ಬನ ಸೊಂಟಕ್ಕೆ ಟೇಪು ಸುತ್ತಿದವನು, ಅವನನ್ನು ಕೈಯೆತ್ತಿದಂತೆಯೇ ನಿಲ್ಲಿಸಿ ಚಿಟ್ಟೆಯ ಹಿಂದೆ ಓಡಿದ, ಏದುಸಿರು ಬಿಡುತ್ತ ಬಂದು ಅಳತೆ ಪುಸ್ತಕದಲ್ಲಿ ಮದುಮಗನ ಹೆಸರಿನ ಮುಂದೆ ಬರೆದ: “ಸೊಂಟ ನಾಲ್ಕು ಇಂಚು, ಬಾಲ ಎರಡು.” ಮೆಷಿನ್ ಮುಂದಿದ್ದ ಹೆಂಡತಿ ಓದಿ, “ರೀ, ಪ್ಯಾಂಟಿಗೂ ಬಾಲ ಹೊಲೀಬೇಕಾ?” ಎಂದಳು. ನಿನ್ನೆ ಎರಡೂ ಬಾಲ ಹರಿದುಹೋದ ಚಿಟ್ಟೆಯೊಂದು ಗಿಡಕ್ಕೆ ಬಂತು. “ಅಯ್ಯೋ ಪಾಪ” ಎಂದವಳೂ ಅವಳೇ. “ಪಾಪ ಯಾಕೆ? ಹಕ್ಕಿ ಬಾಯಿಗೆ ಬಾಲ ಕೊಟ್ಟು ತಲೆ ಉಳಿಸ್ಕೊಂಡಿದೆ ಕಣೆ” ಎಂದ ಅವನು, ಎಂದೋ ಕತ್ತರಿಗೆ ತುದಿ ಕೊಟ್ಟ ತನ್ನ ಮೋಟು ಬೆರಳಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅಳತೆ ಪುಸ್ತಕದಲ್ಲಿ ಚಿಟ್ಟೆಯ ಹೆಸರಿನ ಮುಂದೆ ಬರೆದ: “ರಿಪೇರಿ ಬೇಕಿಲ್ಲ.”